ಶಶಿರೇಖಾ ಹಂಚಿದ ಪಾಸ್‌ವರ್ಡ್‌ಗಳು

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿರುವ ಆ ನರ್ಸಿಂಗ್ ಕಾಲೇಜಿನಲ್ಲಿ ಡಿಜಿಟಲ್ ಲೈಬ್ರರಿ ಉದ್ಘಾಟನೆಯಾಗಿ ಎರಡು ವರ್ಷವಾಗಿತ್ತು. ಎಂಟು ಕಂಪ್ಯೂಟರುಗಳಿಗೆ ಹಳದಿ ಬಟ್ಟೆಯ ಗವಸು ಹೊಲಿಸಿ ಹೊದಿಸಿದ್ದರು. ಕೋಣೆಯ ಬೀಗದ ಕೈ ಪ್ರಿನ್ಸಿಪಾಲ್ ಮರಿಬಸಪ್ಪನವರ ಬಳಿ ಇರುತ್ತಿತ್ತು. ಯಾರಾದರೂ ಕೇಳಿದರೆ, ಇನ್ನೂ ಹೊಸವು, ಹುಡುಗಿಯರು ಮುಟ್ಟಿ ಕೆಡಿಸುತ್ತಾರೆ ಎನ್ನುತ್ತಿದ್ದರು. ಹೀಗಾಗಿ ಅವು ಹೊಸವಾಗಿಯೇ ಉಳಿದಿದ್ದವು.

ಲೈಬ್ರರಿಯನ್ ಶಶಿರೇಖಾ ಕುರುಗೋಡಿನವಳು. ಹದಿನಾಲ್ಕು ವರ್ಷದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಆನ್‌ಲೈನ್ ವೈದ್ಯಕೀಯ ಗ್ರಂಥಾಲಯಕ್ಕೆ ಕಾಲೇಜು ಸದಸ್ಯತ್ವ ಪಡೆದಿದೆ, ಪ್ರತಿ ವಿದ್ಯಾರ್ಥಿನಿಗೂ ಒಂದು ಪಾಸ್‌ವರ್ಡ್ ಕೊಟ್ಟರೆ ತಮ್ಮ ಫೋನಿನಲ್ಲೇ ಓದಿಕೊಳ್ಳಬಹುದು ಎಂದು ಮೂರು ಸಲ ಬರೆದು ಕೊಟ್ಟಿದ್ದಳು. ಮೂರೂ ಸಲ ಉತ್ತರ ಬಂದಿರಲಿಲ್ಲ. ಹುಡುಗಿಯರು ಬೆನ್ನು ಹರಿದ ಹಳೆಯ ಪುಸ್ತಕಗಳನ್ನೇ ಸರದಿಯ ಮೇಲೆ ಒಯ್ಯುತ್ತಿದ್ದರು.

ಹೀಗಿರುವಾಗ ಕಾಲೇಜಿನ ತಪಾಸಣೆಗೆ ಸಮಿತಿ ಬರುತ್ತದೆಂದು ಪತ್ರ ಬಂತು. ಆನ್‌ಲೈನ್ ಗ್ರಂಥಾಲಯವನ್ನು ವಿದ್ಯಾರ್ಥಿಗಳು ಎಷ್ಟು ಸಲ ಬಳಸಿದ್ದಾರೆ ಎಂಬುದೂ ಅದರಲ್ಲಿ ಒಂದು ಪ್ರಶ್ನೆ. ಮರಿಬಸಪ್ಪನವರು ಶಶಿರೇಖಾಳನ್ನು ಕರೆಸಿ, ನೋಡಲು ಚೆನ್ನಾಗಿರುವಂಥ ಒಂದು ಅಂಕಿ ಬರೆಯಲು ಹೇಳಿದರು. ಅದನ್ನು ಬರೆಯುವುದು ನಾವಲ್ಲ, ಆ ಗ್ರಂಥಾಲಯದ ಕಂಪ್ಯೂಟರೇ ಎಣಿಸಿಡುತ್ತದೆ, ಸಮಿತಿಯವರು ಅಲ್ಲಿಂದಲೇ ನೋಡುತ್ತಾರೆ ಎಂದಳು ಆಕೆ.

"ಈಗ ಎಷ್ಟು ತೋರಸ್ತೈತಿ?"

"ಒಂದು ಐತ್ರಿ ಸರ್. ಉದ್ಘಾಟನಿ ದಿನ ನೀವು ಒತ್ತಿದ್ದು."

ಮರಿಬಸಪ್ಪನವರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ, ಹಾಗಾದರೆ ಹುಡುಗಿಯರಿಂದ ಓದಿಸಿ, ಇನ್ನೂ ಮೂರು ವಾರ ಇದೆ ಎಂದರು. ಎರಡು ವರ್ಷ ಕಾದರೂ ಸಿಗದ ಅಪ್ಪಣೆ ಒಂದೇ ಉಸಿರಿಗೆ ಸಿಕ್ಕಿತು.

ಆದರೆ ಮೊದಲು ಓದಬೇಕಾದ ಕೊನೆಯ ವರ್ಷದವರು ಕಾಲೇಜಿನಲ್ಲಿರಲಿಲ್ಲ. ಅವರಲ್ಲಿ ಅರ್ಧ ಜನ ಕುರುಗೋಡಿನ ಸುತ್ತಲ ಹಳ್ಳಿಗಳಲ್ಲಿ, ಇನ್ನರ್ಧ ಸಿರುಗುಪ್ಪದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ತರಬೇತಿಗೆ ಹೋಗಿದ್ದರು. ಶಶಿರೇಖಾ ಕುರುಗೋಡಿನವರನ್ನು ತನ್ನ ಮನೆಗೇ ಕರೆದು, ಪಡಸಾಲೆಯಲ್ಲಿ ಚಾಪೆ ಹಾಸಿ, ಒಗ್ಗರಣೆ ಮಂಡಕ್ಕಿಯನ್ನೂ ಒಬ್ಬೊಬ್ಬರಿಗೆ ಒಂದು ಪಾಸ್‌ವರ್ಡನ್ನೂ ಕೊಟ್ಟು ಕಲಿಸಿದಳು. ಬೇಕಾದ ವಿಷಯ ಹುಡುಕುವುದು ಹೇಗೆ, ಬರಹ ಯಾವ ವರ್ಷದ್ದೆಂದು ಮೊದಲು ನೋಡಬೇಕು ಏಕೆ ಎಂದು ಹೇಳಿಕೊಟ್ಟಳು. ಭಾನುವಾರ ಉಳಿದವರ ಪಾಸ್‌ವರ್ಡ್‌ಗಳನ್ನು ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದಳು.

ಅಲ್ಲಿ ರೂಪನಗುಡಿಯ ಜಡೆಮ್ಮ ಇದ್ದಳು. ತರಗತಿಯಲ್ಲಿ ಬಾಯಿ ಬಿಡದವಳು, ಇಂಗ್ಲಿಷ್ ಪುಟ ಕಂಡರೆ ಬೆವರುವವಳು. ಹುಡುಕಲು ಒಂದೊಂದು ಪ್ರಶ್ನೆ ಹೇಳಿ ಎಂದಾಗ ಉಳಿದವರು ಪರೀಕ್ಷೆಗೆ ಬರುವಂಥವನ್ನು ಹೇಳಿದರು. ಜಡೆಮ್ಮ ಮಾತ್ರ, ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿಗೆ ಏನು ಹಚ್ಚಬೇಕು ಎಂದು ಕೇಳಿದಳು. ಮನೆಯಲ್ಲಿ ಅಜ್ಜಿ ಅರಿಶಿನ ಹಚ್ಚುತ್ತಾಳೆ, ಇಲ್ಲಿ ಸ್ಪಿರಿಟ್ ಹಚ್ಚುತ್ತಾರೆ, ಹಳೆಯ ಪುಸ್ತಕ ಇನ್ನೇನೋ ಹೇಳುತ್ತದೆ. ಶಶಿರೇಖಾ ಪಕ್ಕದಲ್ಲಿ ಕೂತಳು. ಇಬ್ಬರೂ ಒಂದೊಂದೇ ಸಾಲು ಬಿಡಿಸಿ ಓದಿದರು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಏನನ್ನೂ ಹಚ್ಚಬೇಕಿಲ್ಲ, ಶುಚಿಯಾಗಿ ಒಣಗಿರುವಂತೆ ನೋಡಿಕೊಂಡರೆ ಸಾಕು ಎಂದು ಹೊಸ ಮಾರ್ಗಸೂಚಿಯಲ್ಲಿತ್ತು.

"ಏನೂ ಹಚ್ಚಬ್ಯಾಡ್ರಿ ಅನ್ನಾಕ ಇಷ್ಟು ಪುಟ ಬರದಾರೇನ್ರಿ ಮೇಡಂ?" ಎಂದಳು ಜಡೆಮ್ಮ.

ಮರುದಿನ ವಾರ್ಡಿನ ಹಿರಿಯ ಸಿಸ್ಟರ್ ಪಾರಮ್ಮ ಸ್ಪಿರಿಟ್ ಬಾಟಲಿ ತಾ ಎಂದಾಗ ಜಡೆಮ್ಮ ಫೋನು ತಂದಳು. ಪಾರಮ್ಮನವರದು ಮೂವತ್ತು ವರ್ಷದ ಸರ್ವೀಸು. "ನಾ ಎತ್ತಿದ ಕೂಸುಗಳು ಈಗ ತಾವೇ ಹಡಿಯಾಕ ಬರ್ತಾವು. ಫೋನ್ ತೋರಿಸಿ ನನಗ ಕಲಸ್ತೀಯೇನಲೇ?" ಎಂದವರೇ ಕಾಲೇಜಿಗೆ ದೂರು ಬರೆದರು. ಲೈಬ್ರರಿಯನ್ ಹುಡುಗಿಯರಿಗೆ ಎದುರು ಮಾತು ಕಲಿಸುತ್ತಿದ್ದಾರೆ ಎಂಬುದು ಅದರ ಸಾರಾಂಶ.

ಸಮಿತಿ ಬರುವ ಹೊತ್ತಿಗೆ ಆ ಅಂಕಿ ಎರಡು ಸಾವಿರ ದಾಟಿತ್ತು. ಹುಡುಗಿಯರು ಬಸ್ಸಿನಲ್ಲಿ, ಊಟದ ಸಾಲಿನಲ್ಲಿ ನಿಂತು ಓದುತ್ತಿದ್ದರು. ಗುಟ್ಟೇನು ಎಂದು ಸಮಿತಿಯ ಹಿರಿಯರು ಕೇಳಿದಾಗ ಮರಿಬಸಪ್ಪನವರು ಗವಸು ತೆಗೆಸಿದ ಕಂಪ್ಯೂಟರುಗಳ ನಡುವೆ ನಿಂತು, ವಿದ್ಯಾರ್ಥಿಗಳಿಗೆ ಸ್ವಾತಂತ್ರ್ಯ ಕೊಡಬೇಕೆಂಬುದು ತಮ್ಮ ಹಳೆಯ ನಂಬಿಕೆ ಎಂದರು. ಫೋಟೋ ತೆಗೆದರು. ಅದರಲ್ಲಿ ಶಶಿರೇಖಾಳ ಮೊಣಕೈ ಬಿದ್ದಿತ್ತು.

ಸಮಿತಿಯ ಕಾರು ಗೇಟು ದಾಟಿದ ಮೇಲೆ ಮರಿಬಸಪ್ಪನವರು ಆಕೆಯ ಕೈಗೆ ನೋಟಿಸ್ ಕೊಟ್ಟರು. ಪಾರಮ್ಮನವರ ದೂರಿಗೆ ಮೂರು ದಿನದಲ್ಲಿ ವಿವರಣೆ ಬೇಕಿತ್ತು.

"ಓದಸ್ರಿ ಅಂದೋರು ನೀವಽ ಅಲ್ರಿ ಸರ್?"

"ಓದಸ್ರಿ ಅಂದಿದ್ದೆ ಮೇಡಂ. ಓದಿದ್ದನ್ನ ಮಾಡಸ್ರಿ ಅಂದಿರಲಿಲ್ಲ."

ಪಾರಮ್ಮನವರಿಂದ ಒಂದು ರಾಜಿ ಪತ್ರ ತಂದರೆ ಒಳ್ಳೆಯದು ಎಂದೂ ಸೇರಿಸಿದರು. ಶಶಿರೇಖಾ ಮತ್ತೆ ಸಿರುಗುಪ್ಪಕ್ಕೆ ಹೋದಳು.

ವಾರ್ಡಿನಲ್ಲಿ ಜಡೆಮ್ಮ ಫೋನು ನೋಡಿ ಓದಿ ಹೇಳುತ್ತಿದ್ದಳು, ಪಾರಮ್ಮ ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದರು. ಶಶಿರೇಖಾಳನ್ನು ಕಂಡು ಎದ್ದು ನಿಂತರು. ಹುಡುಗಿಗೆ ಬೈಸಲೆಂದು ತಾವೇ ಅವಳನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋಗಿದ್ದಾಗಿ ಹೇಳಿದರು.

"ಡಾಕ್ಟರಿಗೆ ಹತ್ತು ವರ್ಷದ ಹಿಂದಽ ಗೊತ್ತಿತ್ತಂತ್ರಿ. ನಿಮಗ ಯಾರೂ ಹೇಳಿಲ್ಲೇನು ಅಂತ ನನ್ನ ಕೇಳತಾರ. ಇಷ್ಟು ವರ್ಷ ಅವರ ಎದುರಿಗೇ ಹಚ್ಚೇನ್ರಿ ನಾನು."

ಅವರ ದನಿ ಸಣ್ಣದಾಗಿತ್ತು. ನನಗೂ ಒಂದು ಪಾಸ್‌ವರ್ಡ್ ಕೊಡಿ ಎಂದರು. ಕಾಲೇಜಿನವರಿಗೆ ಮಾತ್ರ ಕೊಡುವ ನಿಯಮ. ಆದರೆ ಈ ಮಾರ್ಗಸೂಚಿಯಂಥವು ಎಷ್ಟೋ ಬೇರೆ ಕಡೆ ಯಾರು ಬೇಕಾದರೂ ಓದುವಂತೆ ತೆರೆದೇ ಇವೆ, ಅದಕ್ಕೆ ಪಾಸ್‌ವರ್ಡೇ ಬೇಡ ಎಂದು ಶಶಿರೇಖಾ ಅವರ ಫೋನಿನಲ್ಲೇ ತೆಗೆದು ತೋರಿಸಿದಳು. ಪಾರಮ್ಮ ಕನ್ನಡಕ ಹಾಕಿಕೊಂಡು, "ಇನ್ನ ಏನೇನು ಬದಲಾಗೇತಿ, ಎಲ್ಲಾ ತಗೀರಿ," ಎಂದು ಕುರ್ಚಿ ಎಳೆದರು. ಸಂಜೆ ಬಸ್ಸಿನಲ್ಲಿ ಕೂತ ಮೇಲೆಯೇ ಶಶಿರೇಖಾಳಿಗೆ ರಾಜಿ ಪತ್ರದ ನೆನಪಾದದ್ದು.

ಪತ್ರವಿಲ್ಲದ ವಿವರಣೆ ತೃಪ್ತಿಕರವಾಗಿಲ್ಲವೆಂದು ಆಕೆಗೆ ಎಚ್ಚರಿಕೆ ಕೊಟ್ಟರು. ಅದೇ ವಾರ ಸಮಿತಿಯ ವರದಿಯೂ ಬಂತು. ಕಾಲೇಜು ಇತರರಿಗೆ ಮಾದರಿ ಎಂದಿತ್ತು; ಬೇರೆ ಕಾಲೇಜುಗಳವರಿಗೆ ಆನ್‌ಲೈನ್ ಗ್ರಂಥಾಲಯದ ಬಗ್ಗೆ ತರಬೇತಿ ಕೊಡಲು ಮರಿಬಸಪ್ಪನವರನ್ನೇ ಆಹ್ವಾನಿಸಿದ್ದರು. ಅವರು ಬಾಗಿಲು ಮುಂದೆ ಮಾಡಿ ಶಶಿರೇಖಾಳನ್ನು ಎದುರು ಕೂರಿಸಿಕೊಂಡು, ಆ ಪಾಸ್‌ವರ್ಡ್ ಮಾಡುವುದು ಹೇಗೆಂದು ಒಂದಿಷ್ಟು ತೋರಿಸಿ ಎಂದರು. ಆಕೆ ಜಡೆಮ್ಮನಿಗೆ ಹೇಳಿಕೊಟ್ಟ ಹಾಗೆಯೇ, ಒಂದೊಂದೇ ಸಾಲು ಬಿಡಿಸಿ ಹೇಳಿಕೊಟ್ಟಳು. ಜಡೆಮ್ಮ ಅರ್ಧ ದಿನದಲ್ಲಿ ಕಲಿತಿದ್ದಳು. ಪ್ರಿನ್ಸಿಪಾಲರಿಗೆ ನಾಲ್ಕು ದಿನ ಹಿಡಿಯಿತು.