ಎಡಗೆನ್ನೆಗೆ ಹಳೆಯದು, ಬಲಗೆನ್ನೆಗೆ ಹೊಸದು

ಮುಖಕ್ಕೆ ಬಣ್ಣ ಬರೆಯುವ ಆರು ಬ್ರಶ್ಶಿಗೆ ಎಂಟು ಸಾವಿರದ ನಾನೂರು ರೂಪಾಯಿ ಎಂದು ಕೇಳಿದಾಗ ಸುಮತಿಗೆ ಮೊದಲು ಬಂದದ್ದು ನಗು, ಆಮೇಲೆ ಸಿಟ್ಟು. ವಡೋದರಾದ ಅಲ್ಕಾಪುರಿಯ ಆ ಅಂಗಡಿಯ ಏಸಿ ತಂಪಿನಲ್ಲಿ ನಿಂತು, ಕಪ್ಪು ಡಬ್ಬಿಯೊಳಗೆ ಸಾಲಾಗಿ ಮಲಗಿದ್ದ ಅವುಗಳನ್ನು ನೋಡಿ, ಇವು ಬ್ರಶ್ಶುಗಳೋ ಮದುಮಗಳ ಒಡವೆಗಳೋ ಎಂದುಕೊಂಡಳು. ಅಂಗಡಿಯ ಹೇತಲ್‌ಬೆನ್ ಮಾತ್ರ ನಗುಮುಖ ಬಿಡದೆ, "ಹಾಥ್ ಪರ್ ಟ್ರೈ ಕರೋ ನೇ, ಬೆನ್," ಕೈ ಮೇಲೆ ಎಳೆದು ನೋಡಿ, ಎಂದು ಒಂದನ್ನು ಎತ್ತಿ ಕೊಟ್ಟಳು.

ಸುಮತಿ ಅಂಗೈ ಮೇಲೆ ಎಳೆದು ನೋಡಿದಳು. ತನ್ನ ಚೀಲದಿಂದ ನೂರಿಪ್ಪತ್ತು ರೂಪಾಯಿಯ ಹಳೆಯ ಬ್ರಶ್ಶನ್ನು ತೆಗೆದು ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದಳು. ಅಂಗೈಗೆ ಎರಡೂ ಒಂದೇ. ಹೇತಲ್‌ಬೆನ್ ಹಳೆ ಗಿರಾಕಿಯ ಮುಖ ನೋಡಿ, ಪ್ರದರ್ಶನಕ್ಕೆಂದು ಬಿಚ್ಚಿಟ್ಟಿದ್ದ ಒಂದು ಬ್ರಶ್ಶನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿತ್ತಳು. ಮನೆಗೆ ಒಯ್ದು ನೋಡಿ, ಸೋಮವಾರ ತಂದುಕೊಡಿ, ಬೇಕೋ ಬೇಡವೋ ಆಗ ಹೇಳಿ ಎಂದಳು.

ಸುಮತಿ ಉಡುಪಿ ಕಡೆಯವಳು. ವಿಠ್ಠಲನ ಕೈಹಿಡಿದು ವಡೋದರಾಕ್ಕೆ ಬಂದು ಇಪ್ಪತ್ತು ವರ್ಷ ಆಗುತ್ತ ಬಂತು. ಸ್ಟೇಷನ್ನಿನ ಹತ್ತಿರ ಅವರದೊಂದು ಹೊಟೇಲು. ಇಲ್ಲಿಯವರ ನಾಲಗೆಗೆಂದು ಸಾಂಬಾರಿಗೆ ಉಡುಪಿಯವರು ಹಾಕುವುದಕ್ಕಿಂತ ಎರಡು ಚಮಚ ಬೆಲ್ಲ ಹೆಚ್ಚು ಹಾಕಿ, ಹಾಕಿದ್ದಕ್ಕೆ ಒಳಗೊಳಗೇ ನಾಚಿಕೊಳ್ಳುವಂಥದು. ವಾರದ ಐದು ದಿನ ಸುಮತಿ ಅಲ್ಲಿ ಹಿಟ್ಟು, ಚಟ್ನಿ, ಹಂಚುಗಳ ಉಸ್ತುವಾರಿ ನೋಡುತ್ತಾಳೆ. ಶನಿವಾರ ಭಾನುವಾರ ಬಂತೆಂದರೆ ಅವಳು ಬೇರೆಯೇ ಹೆಂಗಸು. ಅಪಾರ್ಟ್‌ಮೆಂಟುಗಳ ಹುಟ್ಟುಹಬ್ಬಗಳಿಗೆ ಬಣ್ಣದ ಪೆಟ್ಟಿಗೆ ಹಿಡಿದು ಹೋಗಿ ಮಕ್ಕಳ ಮುಖದ ಮೇಲೆ ಹುಲಿ, ಚಿಟ್ಟೆ, ನವಿಲು ಬರೆಯುತ್ತಾಳೆ. ಬರೆದು ಮುಗಿದ ಮೇಲೆ ಬೆನ್ನಿನ ತಗಡು ತುಕ್ಕು ಹಿಡಿದ ಒಂದು ದುಂಡು ಕನ್ನಡಿಯನ್ನು ಮಗುವಿನ ಮುಂದೆ ಹಿಡಿಯುತ್ತಾಳೆ. ಮಗು ತನ್ನನ್ನೇ ಗುರುತಿಸದೆ ಒಂದು ಗಳಿಗೆ ಸುಮ್ಮನಾಗುತ್ತದಲ್ಲ, ಆ ಗಳಿಗೆಗಾಗಿಯೇ ಅವಳು ಹೋಗುವುದು.

ಹೋದ ಭಾನುವಾರ ಆ ಗಳಿಗೆ ಬರಲೇ ಇಲ್ಲ. ಐದು ವರ್ಷದ ಹುಡುಗಿಯೊಬ್ಬಳು ಅರ್ಧ ಚಿಟ್ಟೆಯಾಗಿದ್ದಾಗ ಮುಖ ತಿರುಗಿಸಿ, "ವಾಗೇ ಛೇ," ನೋಯುತ್ತದೆ, ಎಂದು ಅಳತೊಡಗಿದಳು. ಇನ್ನೊಂದು ರೆಕ್ಕೆ ಬರೆಯಲು ಬಿಡಲಿಲ್ಲ. ಅವಳ ತಾಯಿ ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತ ಪರವಾಗಿಲ್ಲ ಬಿಡಿ ಎಂದಳು, ಆದರೆ ಸಾಲಿನಲ್ಲಿ ನಿಂತಿದ್ದ ಮೂರು ಮಕ್ಕಳು ಮೆಲ್ಲಗೆ ಕೇಕಿನ ಕಡೆ ಜಾರಿಕೊಂಡವು. ಈ ಕೆಲಸ ಹಿಡಿದ ಎಂಟು ವರ್ಷಗಳಲ್ಲಿ ಒಂದು ಮಗುವೂ ಅವಳ ಕೈಯಿಂದ ಎದ್ದು ಹೋದದ್ದಿರಲಿಲ್ಲ. ಯಾರಿಗೂ ನೋಯುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ಬರುವ ಶನಿವಾರ ಇನ್ನೊಂದು ಕಡೆ ಮೂವತ್ತು ಮಕ್ಕಳ ಹುಟ್ಟುಹಬ್ಬವಿತ್ತು. ಕೈ ಕೆಟ್ಟಿದೆಯೋ ಬ್ರಶ್ಶು ಕೆಟ್ಟಿದೆಯೋ ಎಂಬುದು ಅಷ್ಟರೊಳಗೆ ಇತ್ಯರ್ಥವಾಗಬೇಕಿತ್ತು. ಕೈಯೇ ಕೆಟ್ಟಿದ್ದರೆ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕುವುದೆಂದು ಅವಳು ಯಾರಿಗೂ ಹೇಳದೆ ತೀರ್ಮಾನಿಸಿಬಿಟ್ಟಿದ್ದಳು.

ಮನೆಯಲ್ಲಿ ವಿಠ್ಠಲ ಕಾಗದ ಬಿಚ್ಚಿ ಬ್ರಶ್ಶನ್ನು ಬೆಳಕಿಗೆ ಹಿಡಿದು ನೋಡಿದ. ಒಳ್ಳೆಯ ಮನುಷ್ಯನೇ, ಆದರೆ ಬಾಯಿಗೆ ಬೀಗವಿಲ್ಲ.

"ಇದಕ್ಕೆ ಎಂಟು ಸಾವಿರವಾ? ಇದರಲ್ಲಿ ಎಂತ, ಐರಾವತದ ಬಾಲದ ಕೂದಲು ಉಂಟಾ?"

"ಒಂದಕ್ಕಲ್ಲ ಮಾರಾಯ್ರೆ, ಆರಕ್ಕೆ."

"ನಿನ್ನ ಅಪ್ಪಯ್ಯ ಹಿಡಿಕಡ್ಡಿಯಲ್ಲಿ ಇಡೀ ರಾವಣನನ್ನು ಮಾಡ್ತಿದ್ರು. ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ."

ತಮಾಷೆಗೇ ಹೇಳಿದ್ದ. ಹೇಳಿದ ಮೇಲೆ ಅವಳ ಮುಖ ನೋಡಿ, "ಬೇಕಾದ್ರೆ ತಕೊ, ನಾನು ಬೇಡ ಹೇಳ್ಲಿಲ್ಲ," ಎಂದೂ ಸೇರಿಸಿದ. ಆದರೆ ಬಾಣ ಬಿಟ್ಟಾಗಿತ್ತು, ನೆಡಬೇಕಾದಲ್ಲೇ ನೆಟ್ಟಿತ್ತು. ಅವಳನ್ನು ತಡೆಯುತ್ತಿದ್ದದ್ದು ಎಂಟು ಸಾವಿರವಲ್ಲ. ಪೊರಕೆಯ ಆ ಹಿಡಿಕಡ್ಡಿ.

ಅಪ್ಪಯ್ಯ ಯಕ್ಷಗಾನದಲ್ಲಿ ಬಣ್ಣದ ವೇಷ ಮಾಡುತ್ತಿದ್ದರು. ರಾವಣ, ಮಹಿಷಾಸುರ, ಕುಂಭಕರ್ಣ, ಹೀಗೆ ರಕ್ಕಸರೇ. ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಆ ಚಪ್ಪರದಲ್ಲಿ, ಅವರು ತಮ್ಮ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರೆ ಏಳಲು ಮೂರು ನಾಲ್ಕು ಗಂಟೆ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ತೆಂಗಿನ ಗರಿಯ ಹಿಡಿಕಡ್ಡಿಯ ತುದಿಯಲ್ಲಿ ಅದ್ದಿ, ಕೆನ್ನೆಯ ಮೇಲೆ ಹುಬ್ಬಿನ ಮೇಲೆ ಮುಳ್ಳುಮುಳ್ಳಾಗಿ ಎದ್ದು ನಿಲ್ಲುವಂತೆ ಬಿಳಿಯ ಚುಕ್ಕೆಗಳನ್ನು ಒಂದೊಂದಾಗಿ ಇಡಬೇಕು. ಅದಕ್ಕೆ ಚಿಟ್ಟಿ ಇಡುವುದು ಎನ್ನುತ್ತಾರೆ. ತಟ್ಟಿಗೆ ಒರಗಿಸಿದ ಕನ್ನಡಿ ಗಾಳಿಗೆ ಅಲುಗುತ್ತದೆಂದು, ಮೇಳ ಊರಿನ ಹತ್ತಿರ ಬಂದಾಗಲೆಲ್ಲ ಕನ್ನಡಿ ಹಿಡಿಯುವ ಕೆಲಸ ಸುಮತಿಗೆ. ಹತ್ತು ವರ್ಷದ ಹುಡುಗಿ ಕೈ ಸೋತರೂ ಅಲುಗುತ್ತಿರಲಿಲ್ಲ. ಕನ್ನಡಿಯ ಈಚೆ ತಗಡು, ಆಚೆ ಅಪ್ಪಯ್ಯನ ಮುಖ. ಅಪ್ಪಯ್ಯ ಅವಳ ಕಡೆಗೇ ನೋಡುತ್ತಿದ್ದರು, ಆದರೆ ಅವಳನ್ನು ನೋಡುತ್ತಿರಲಿಲ್ಲ.

ಒಮ್ಮೆ ಕೇಳಿಯೂ ಬಿಟ್ಟಿದ್ದಳು. "ಅಪ್ಪಯ್ಯ, ನಂಗೂ ಒಂದು ಚಿಟ್ಟಿ ಇಡಿ. ಒಂದೇ ಒಂದು."

"ಇನ್ನೊಬ್ಬರ ಮುಖಕ್ಕೆ ಇಡುವ ಕ್ರಮ ನಮ್ಮಲ್ಲಿ ಇಲ್ಲ ಮಗಾ," ಎಂದಿದ್ದರು ತುಟಿ ಅಲುಗಿಸದೆ. "ಅವರವರ ಮುಖ ಅವರವರೇ ಬರ್ಕೊಳ್ಬೇಕು. ಕನ್ನಡಿ ಸರಿ ಹಿಡಿ."

ಅಷ್ಟೇ. ಗದರಿದ್ದೂ ಅಲ್ಲ. ಮೇಳದ ಎಲ್ಲರೂ ಹಾಗೆಯೇ, ತಮ್ಮ ಮುಖ ತಾವೇ ಬರೆದುಕೊಳ್ಳುವವರು. ಆದರೆ ಬಾರದ ಆ ಒಂದು ಚುಕ್ಕೆ ಮೂವತ್ತು ವರ್ಷ ದಾಟಿದರೂ ಸುಮತಿಯ ಹುಬ್ಬುಗಳ ನಡುವೆ ಎಲ್ಲೋ ಕಾದು ಕೂತಿತ್ತು. ಊರ ಮಕ್ಕಳ ಮುಖಕ್ಕೆಲ್ಲ ಬಣ್ಣ ಹಚ್ಚಿದರೂ ಅದು ತೀರಲಿಲ್ಲ. ತನಗೆ ತಾನೇ ಇಟ್ಟುಕೊಳ್ಳಬಹುದಿತ್ತು. ಅದು ಬೇಕಿರಲಿಲ್ಲ ಅವಳಿಗೆ, ಅಪ್ಪಯ್ಯನ ಕೈ ಬೇಕಿತ್ತು.

ಈಗ ಎಂಟು ಸಾವಿರ ಕೊಟ್ಟು ಬ್ರಶ್ಶು ತಂದರೆ, ಹಿಡಿಕಡ್ಡಿಯ ಕೈ ನನಗೆ ಬರಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅಪ್ಪಯ್ಯನಿಂದ ಅವಳಿಗೆ ಬಂದದ್ದು ಎರಡೇ, ಆ ದುಂಡು ಕನ್ನಡಿ ಮತ್ತು ತನ್ನ ಕೈಯಲ್ಲಿ ಇದೆ ಎಂದು ಅವಳು ನಂಬಿಕೊಂಡ ಆ ವಿದ್ಯೆ. ಎರಡನೆಯದು ಸುಳ್ಳು ಎಂದಾದರೆ ಉಳಿಯುವುದು ತುಕ್ಕು ಹಿಡಿದ ತಗಡು.

ಈ ಭಾನುವಾರ ಹುಟ್ಟುಹಬ್ಬದ ಕರೆ ಯಾವುದೂ ಇರಲಿಲ್ಲ. ಮಧ್ಯಾಹ್ನ ಹೊಟೇಲಿನ ಊಟದ ಗದ್ದಲ ಮುಗಿದ ಮೇಲೆ ಮನೆಗೆ ಬಂದು, ಊಟದ ಮೇಜಿನ ಮೇಲೆ ಎರಡೂ ಬ್ರಶ್ಶು ಇಟ್ಟುಕೊಂಡು ಕೂತಳು. ಅಂಗೈ ಮೇಲೆ ಗೆರೆ, ಮುಂಗೈ ಮೇಲೆ ಗೆರೆ. ಒರೆಸಿ ಮತ್ತೆ ಗೆರೆ. ಹೊಸದರಲ್ಲಿ ಗೆರೆ ಸ್ವಲ್ಪ ತೆಳ್ಳಗೆ ಬರುತ್ತಿತ್ತು, ಅದು ನಿಜ. ಆದರೆ ಎಂಟು ಸಾವಿರದಷ್ಟು ತೆಳ್ಳಗೇನೂ ಇರಲಿಲ್ಲ.

ಮಗಳು ಚಿನ್ಮಯಿ ಫೋನಿನಿಂದ ತಲೆ ಎತ್ತಿದಳು. ಹದಿನೈದು ವರ್ಷ, ಇಲ್ಲೇ ಹುಟ್ಟಿ ಬೆಳೆದವಳು. ಗೆಳತಿಯರ ಜೊತೆ ಗುಜರಾತಿ, ಸಿಟ್ಟು ಬಂದರೆ ಹಿಂದಿ, ಏನಾದರೂ ಬೇಕಾದಾಗ ಕನ್ನಡ. ಈಚೆಗೆ ಎರಡು ವರ್ಷದಿಂದ ತಾಯಿ ಕೆನ್ನೆ ಮುಟ್ಟಲು ಬಂದರೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಸುಮತಿಯೂ ಈಗ ಕೈ ಚಾಚುವುದನ್ನು ಬಿಟ್ಟಿದ್ದಾಳೆ.

"ಅಮ್ಮ, ನಿನ್ನ ಕೈ ತೋ ತವಾ ಆಗಿದೆ," ಎಂದಳು. "ಹಂಚು ಮುಟ್ಟಿದ್ರೂ ನಿಂಗೆ ಬಿಸಿ ಆಗೂದಿಲ್ಲ. ಅದ್ರ ಮೇಲೆ ಎಂತ ಗೊತ್ತಾಗ್ತದೆ? ಮುಖದ ಮೇಲೆ ನೋಡು."

"ನಿನ್ನ ಮುಖ ಕೊಡ್ತೀಯಾ?" ಎಂದಳು ಸುಮತಿ, ಆಸೆ ಹೊರಗೆ ಕಾಣದ ಹಾಗೆ.

"ನಂದಲ್ಲ. ನಂಗೆ ಗೊತ್ತಾಗಿ ನಿಂಗೆ ಎಂತ ಉಪಯೋಗ? ನಿಂದು."

"ಹಾಗಾದ್ರೆ ಕನ್ನಡಿ ತಾ. ನಾನೇ ಬರ್ಕೊಳ್ತೇನೆ."

"ನೀನೇ ಮಾಡಿದ್ರೆ ಚೀಟಿಂಗ್ ಅಮ್ಮ. ನಾವೇ ನಮ್ಗೆ ಗುದ್‌ಗುದೀ ಮಾಡ್ಲಿಕ್ಕೆ ಆಗ್ತದಾ?"

ಕಚಗುಳಿ ಎಂಬ ಶಬ್ದ ಹುಡುಗಿಗೆ ಗೊತ್ತಿರಲಿಲ್ಲ, ಕಚಗುಳಿಯ ಗುಟ್ಟು ಗೊತ್ತಿತ್ತು. ಸುಮತಿ ಎರಡೂ ಬ್ರಶ್ಶುಗಳನ್ನು ಅವಳ ಕಡೆಗೆ ದೂಡಿದಳು. ಚಿನ್ಮಯಿ ಕುರ್ಚಿ ಎಳೆದು ಎದುರು ಕೂತು, ತಾಯಿಯ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು.

"ಕಣ್ಣು ಮುಚ್ಚು. ಯಾವ್ದು ಅಂತ ನಾನು ಹೇಳೂದಿಲ್ಲ. ಹಿಲ್ನಾ ಮತ್, ಅಲುಗ್ಬೇಡ."

ಮೊದಲ ಗೆರೆ ಎಡಗೆನ್ನೆಯ ಮೇಲೆ ಬಿತ್ತು. ಸುಮತಿ ಬೆಚ್ಚಿ ಹಿಂದಕ್ಕೆ ಸರಿದಳು. ಕಣ್ಣಿನ ಕೆಳಗಿನ ತೊಗಲಿನ ಮೇಲೆ ಯಾರೋ ಪೊರಕೆಯ ತುದಿ ಎಳೆದ ಹಾಗೆ. ಹುಡುಗಿ ಗಟ್ಟಿಯಾಗಿ ಒತ್ತಿದಳೇನೋ ಎಂದು ಕಣ್ಣು ಬಿಟ್ಟು ನೋಡಿದರೆ ಅವಳು ಒತ್ತಿರಲಿಲ್ಲ. ಅವಳ ಕೈಯಲ್ಲಿದ್ದದ್ದು ನೂರಿಪ್ಪತ್ತರ ಬ್ರಶ್ಶು, ಇಷ್ಟು ವರ್ಷ ಸುಮತಿಯೇ ಹಿಡಿದದ್ದು. ಅಂಗೈ ಮೇಲೆ ಪರೀಕ್ಷಿಸಿ, ಸರಿಯಾಗಿದೆ ಎಂದುಕೊಂಡು, ಮಕ್ಕಳ ಕಣ್ಣಂಚಿನಲ್ಲಿ ಎಳೆದದ್ದು.

"ವಾಗೇ ಛೇ?" ಎಂದಳು ಚಿನ್ಮಯಿ.

"ಹೌದು ಮಗಾ. ನೋಯ್ತದೆ."

ಹಾಗಾದರೆ ಇಷ್ಟು ಮಕ್ಕಳು ಯಾಕೆ ಎದ್ದು ಹೋಗಲಿಲ್ಲ? ಚಿಟ್ಟೆಯಾಗುವ ಆಸೆಗೆ ಹಲ್ಲು ಕಚ್ಚಿ ಕೂತಿದ್ದವು. ಪಾಪದ ಮಕ್ಕಳು. ಒಂದು ಹುಡುಗಿ ಮಾತ್ರ ನಿಜ ಹೇಳಿದಳು, ಅವಳ ಮೇಲೆ ಇವಳು ವಾರವಿಡೀ ಸಿಟ್ಟು ಮಾಡಿಕೊಂಡಿದ್ದಳು. ಸುಮತಿಗೆ ನಾಚಿಕೆಯಾಯಿತು.

ಆಗ ಅವಳಿಗೆ ನೆನಪಾದದ್ದು ಅಪ್ಪಯ್ಯ ತೀರಿಕೊಂಡ ಸಮಯ. ವಡೋದರಾದಿಂದ ರೈಲಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿಯಾಗಿತ್ತು. ಅಪ್ಪಯ್ಯನ ಮುಖವನ್ನು ಅವಳು ಕೈಯಿಂದ ಮುಟ್ಟಿದ್ದು ಅದೊಂದೇ ಸಲ. ಕೆನ್ನೆ ತುಂಬ ಸಣ್ಣ ಸಣ್ಣ ಗುಳಿ, ಸುಣ್ಣ ತಿಂದ ಕಲೆ, ಕಡ್ಡಿ ಗೀರಿದ ಗುರುತು. ತೊಗಲು ಅವಳ ಈಗಿನ ಅಂಗೈಯಷ್ಟೇ ಒರಟು. ಆವತ್ತು ಅದನ್ನು ವಯಸ್ಸು ಎಂದುಕೊಂಡಿದ್ದಳು. ಹಿಡಿಕಡ್ಡಿ ಪುಕ್ಕಟೆ ಸಿಗುತ್ತಿತ್ತು ನಿಜ, ಅದರ ಬೆಲೆಯನ್ನು ನಲವತ್ತು ವರ್ಷ ಮುಖ ಕೊಟ್ಟಿತ್ತು. ತನ್ನ ಮುಖವಾದ್ದರಿಂದ ಅವರು ಕೊಟ್ಟರು, ತಡೆದುಕೊಂಡರು. ಅದೇ ಕಡ್ಡಿಯನ್ನು ಮಗಳ ಮುಖದ ಹತ್ತಿರ ತರಲಿಲ್ಲ. ಕ್ರಮ ಇಲ್ಲ ಎಂದದ್ದು ಕ್ರಮಕ್ಕಾಗಿಯೋ, ಇದಕ್ಕಾಗಿಯೋ? ಕೇಳೋಣವೆಂದರೆ ಅಪ್ಪಯ್ಯ ಇಲ್ಲ. ಅವಳಿಗೆ ಈ ಕ್ಷಣ ಅವರು ಬೇಕಾಗಿದ್ದರು.

"ಇನ್ನೊಂದು ಬಾಕಿ ಉಂಟು. ಕಣ್ಣು ಮುಚ್ಚು," ಎಂದಳು ಚಿನ್ಮಯಿ.

ಬಲಗೆನ್ನೆಯ ಮೇಲೆ ಏನೋ ತಣ್ಣಗೆ ಸಾಗಿತು. ಬೆಕ್ಕಿನ ಮರಿ ಮೂಗು ತಾಗಿಸಿದ ಹಾಗೆ ಬಂದು, ಕಣ್ಣಂಚಿನಲ್ಲಿ ತಿರುಗಿ, ಕಿವಿಯ ಕಡೆಗೆ ಹೋಯಿತು. ಸುಮತಿ ಅಲುಗಲಿಲ್ಲ. ಅಲುಗದೆ ಇರುವುದು ಅವಳಿಗೆ ಹತ್ತನೇ ವಯಸ್ಸಿನಿಂದ ಗೊತ್ತಿರುವ ಕೆಲಸ. ಗಲ್ಲದ ಕೆಳಗೆ ಮಗಳ ಎರಡು ಬೆರಳು ಬೆಚ್ಚಗಿದ್ದವು. ಹುಡುಗಿ ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ತಾನು ಬರೆಯುವಾಗಲೂ ಹೀಗೆಯೇ ಉಸಿರು ಹಿಡಿಯುತ್ತೇನೆಂದು ಸುಮತಿಗೆ ಗೊತ್ತಿತ್ತು. ಅಪ್ಪಯ್ಯನೂ ಹಿಡಿಯುತ್ತಿದ್ದರು.

"ಹೇಗುಂಟು?"

"ತಕೊಳ್ತೇನೆ," ಎಂದಳು ಸುಮತಿ. "ಆರನ್ನೂ ತಕೊಳ್ತೇನೆ. ಶನಿವಾರದ ಒಳಗೆ ಬೇಕು." ಒಳಕೋಣೆಯಲ್ಲಿ ಅಡ್ಡಾಗಿದ್ದ ವಿಠ್ಠಲನಿಗೆ ಕೇಳುವಷ್ಟು ಗಟ್ಟಿಯಾಗಿ, "ನೆಲವೇ ಡೊಂಕು ಇತ್ತು ಮಾರಾಯ್ರೆ!" ಎಂದಳು. ಒಳಗಿನಿಂದ ಏನೋ ಗೊಣಗಾಟ ಬಂತು.

ಚಿನ್ಮಯಿ ಏಳಲು ಹೊರಟಳು. ಸುಮತಿ ಅವಳ ಮುಂಗೈ ಹಿಡಿದಳು. ಹುಡುಗಿ ಕೈ ಎಳೆದುಕೊಳ್ಳಲಿಲ್ಲ.

"ಒಂದು ಚುಕ್ಕೆ ಇಡು. ಇಲ್ಲಿ." ಹುಬ್ಬುಗಳ ನಡುವೆ ತೋರಿಸಿದಳು. "ಬಿಳಿ ಬಣ್ಣದಲ್ಲಿ. ಒಂದೇ ಒಂದು."

"ಒಂದು ಡಾಟ್? ಬಸ್? ಅದೆಂತ ಡಿಸೈನ್ ಅಮ್ಮ?"

"ಡಿಸೈನ್ ಅಲ್ಲ. ಚಿಟ್ಟಿ ಅಂತ ಹೇಳ್ತಾರೆ. ಇಡು ಮಗಾ, ಆಮೇಲೆ ಹೇಳ್ತೇನೆ."

ಚಿನ್ಮಯಿ ಮತ್ತೆ ಕೂತಳು. ಬ್ರಶ್ಶನ್ನು ತೊಳೆದು, ಬಿಳಿಯಲ್ಲಿ ಅದ್ದಿ, ತಾಯಿಯ ಗಲ್ಲ ಎತ್ತಿ, ನಾಲಗೆಯ ತುದಿ ಕಚ್ಚಿಕೊಂಡು ಮೆಲ್ಲಗೆ ಒಂದು ಚುಕ್ಕೆ ಇಟ್ಟಳು. ಇಟ್ಟು ತಲೆ ಓರೆ ಮಾಡಿ ನೋಡಿದಳು. ಸುಮತಿಯ ಮುಚ್ಚಿದ ರೆಪ್ಪೆಗಳ ಅಡಿಯಿಂದ ನೀರು ಇಳಿದು ಎರಡೂ ಕೆನ್ನೆಯ ಗೆರೆಗಳನ್ನು ಕಲಸತೊಡಗಿತ್ತು.

"ಅರೇ ಅಮ್ಮ, ಕಲರ್ ಹೋಗ್ತದೆ! ಅದೂ ನೋಯ್ತಾ?"

ಸುಮತಿ ಇಲ್ಲವೆಂದು ತಲೆಯಾಡಿಸಲೂ ಇಲ್ಲ, ಚುಕ್ಕೆ ಹಸಿಯಾಗಿತ್ತಲ್ಲ. ಚಿನ್ಮಯಿ ಪೆಟ್ಟಿಗೆಯಿಂದ ತುಕ್ಕುಬೆನ್ನಿನ ಕನ್ನಡಿಯನ್ನು ತೆಗೆದಳು. ಅಮ್ಮ ಮಕ್ಕಳಿಗೆ ಹಿಡಿಯುವುದನ್ನು ನೋಡಿದ್ದಳಾದ್ದರಿಂದ ಹಾಗೆಯೇ, ಎರಡೂ ಕೈಯಲ್ಲಿ, ಅಲುಗದ ಹಾಗೆ ಅವಳ ಮುಂದೆ ಹಿಡಿದು, "ಈಗ ನೋಡು," ಎಂದಳು.