ನಿಲ್ಲಿಸಬಾರದ ನಲ್ಲಿ

"ಈಗ ಅಡುಗೆಮನೆ ನಲ್ಲಿ ತೋರ್ಸು ಬೇಟಾ," ಎಂದು ಮೆಹರುನ್ನೀಸಾ ಫೋನಿನತ್ತ ಬಾಗಿ ಹೇಳಿದರು.

ಶಿವಾಜಿನಗರದ ಆ ಗಲ್ಲಿಯಲ್ಲಿ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿಬರುವುದು ಮೆಹರುನ್ನೀಸಾರ ಕೆಲಸ. ಅಟ್ಟಕ್ಕೆ ಇಣುಕಿ, ನಲ್ಲಿ ತಿರುಗಿಸಿ ನೋಡಿ, ಕೊನೆಗೆ ಅಲ್ಲಿ ಒಂದು ಲೋಟ ನೀರು ಕುಡಿದರೆ ಸಂಬಂಧ ಒಪ್ಪಿಗೆಯಾದಂತೆ. ಆಮೇಲೆ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಈ ಸಲದ ಮನೆ ನಾರ್ವೆಯ ಉತ್ತರ ತುದಿಯಲ್ಲಿತ್ತು. ಬೆಟ್ಟಗಳ ನಡುವೆ ಕಡಲು ಕಿರಿದಾಗಿ ಒಳನುಗ್ಗಿದ ಕಡೆ, ಫ್ಯೋರ್ಡಿನ ದಡದ ಒಂದು ಸಣ್ಣ ಹಳ್ಳಿ. ಫ್ರೇಜರ್ ಟೌನಿನ ಮುನಾವರ್ ಅಲ್ಲಿನ ಮೀನಿನ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಹೋಗಿ ನೋಡುವಂತಿಲ್ಲದ್ದರಿಂದ ವಿಡಿಯೊ ಕಾಲ್. ಫೋನ್ ಹಿಡಿದು ಕೂತವಳು ಮದುವೆಯ ಹುಡುಗಿ ಗುಲ್ಷನ್. ಮನೆಯಲ್ಲಿ ಅವಳ ಫೋನಿನ ಕ್ಯಾಮೆರಾ ಮಾತ್ರ ಚೆನ್ನಾಗಿತ್ತು.

ನಲ್ಲಿ ಕಾಣಿಸಿತು. ಸಣ್ಣ ಧಾರೆಯಾಗಿ ನೀರು ಬೀಳುತ್ತಲೇ ಇತ್ತು.

"ನಿಲ್ಸಪ್ಪಾ, ಸುಮ್ನೆ ಹೋಗ್ತಿದೆ."

"ನಿಲ್ಸೋ ಹಾಗಿಲ್ಲ ಖಾಲಾ. ಚಳಿ ಜಾಸ್ತಿ ಆದಾಗ ಹೀಗೇ ಬಿಟ್ಟಿರ್ಬೇಕು. ಇಲ್ಲಾಂದ್ರೆ ಪೈಪೊಳಗೇ ಐಸಾಗುತ್ತೆ."

ಗಲ್ಲಿಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಹೆಂಗಸರೆಲ್ಲ ಫೋನಿನ ಹತ್ತಿರ ಸರಿದರು.

"ಹಗಲೂ ರಾತ್ರಿನಾ?" ಗುಲ್ಷನ್‌ಳ ತಾಯಿ ಜಹನಾರಾ ಕೇಳಿದರು.

"ಹೌದು ಆಂಟಿ."

"ಗುಲ್ಷನ್ ಬೇಡ ಅಂದ್ರೆ ನಾನೇ ಹೋಗ್ತೀನಿ," ಎಂದಳು ಪಕ್ಕದ ಮನೆಯ ಅಲಿಯಾ.

"ನಿನ್ ಗಂಡ?" ಯಾರೋ ಕೇಳಿದರು.

"ಡ್ರಮ್ ಪಕ್ಕ ಕೂರ್ಸಿ ಹೋಗ್ತೀನಿ. ನೀರು ಬಂದಾಗ ತುಂಬಿಸ್ಲಿ."

ನಗುವಿನ ನಡುವೆಯೇ ಮೆಹರುನ್ನೀಸಾ ಒಂದು ಲೋಟ ನೀರು ತರಿಸಿಕೊಂಡು, ಫೋನಿನ ಮುಂದೆ ಹಿಡಿದು, ಪೂರ್ತಿ ಕುಡಿದರು. ಎಲ್ಲರ ಬಾಯಿ ಸಿಹಿ ಮಾಡಲು ಜಹನಾರಾ ಸಕ್ಕರೆ ಡಬ್ಬಿ ತರಲು ಎದ್ದರು.

ಗುಲ್ಷನ್ ಫೋನ್ ಹಿಡಿದು ಹೊರಗಿನ ಮೆಟ್ಟಿಲಿಗೆ ಬಂದಳು. ಅವಳು ದಿನಾ ಟಿನ್ ಫ್ಯಾಕ್ಟರಿ ಹತ್ತಿರದ ಟೈಲರಿಂಗ್ ಘಟಕಕ್ಕೆ ಬಸ್ಸಿನಲ್ಲಿ ಹೋಗಿಬರುವವಳು. ಅಲ್ಲಿ ಬ್ಲೌಸ್ ಕತ್ತರಿಸುವ ಮೇಜು ಅವಳದು.

"ಅಲ್ಲಿ ಹೊಲಿಗೆ ಕೆಲ್ಸ ಸಿಗುತ್ತಾ?"

"ಊರಿಗೆಲ್ಲ ಅರವತ್ತು ಜನ ಇದೀವಿ. ಎಲ್ಲಾ ಜಾಕೆಟ್ ಹಾಕ್ಕೊಂಡೇ ಇರ್ತಾರೆ," ಎಂದ ಮುನಾವರ್.

"ನೀವು ಊರಿಗೆ ಬಂದಾಗ ಆ ನಲ್ಲಿ ಯಾರು ನೋಡ್ಕೋತಾರೆ?"

"ಬಂದಿಲ್ಲ. ಮೂರು ಚಳಿಗಾಲ ಆಯ್ತು. ಈ ಕೆಲ್ಸ ಬಿಟ್ರೆ ಇಲ್ಲಿರೋ ಪರ್ಮಿಟ್ ಹೋಗುತ್ತೆ. ರಜಾ ಕೇಳಿದ್ರೆ, ಮೆಷಿನ್ ಕೆಟ್ರೆ ಯಾರು ನೋಡ್ತಾರೆ ಅಂತಾರೆ."

"ಹೊರಗೆ ತೋರ್ಸಿ."

ಅವನು ಬಾಗಿಲು ತೆಗೆದ. ಅಲ್ಲಿ ಮಧ್ಯಾಹ್ನ ಎರಡು ಗಂಟೆ. ಡಿಸೆಂಬರಿನಲ್ಲಿ ಆ ಊರಿಗೆ ಸೂರ್ಯ ಹುಟ್ಟುವುದಿಲ್ಲ. ಹಿಮದ ಗೋಡೆ, ಅದರಾಚೆ ಕಪ್ಪು ನೀರು, ನೀರಿನಾಚೆ ಒಂದೇ ಒಂದು ಕಿಟಕಿಯಲ್ಲಿ ಬೆಳಕು.

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ. ಮನೆಯೋರು ಬೇಸಿಗೆಲಿ ಬರ್ತಾರೆ. ಲೈಟು ತಾನಾಗೇ ಹತ್ತುತ್ತೆ."

ಒಳಗೆ ಯಾರೋ ತಾರೀಖಿನ ಮಾತು ತೆಗೆದಿದ್ದರು. ಗುಲ್ಷನ್ ತಗ್ಗಿದ ದನಿಯಲ್ಲಿ, "ಅಲ್ಲಿ ಬಂದಿರೋದು ನನ್ ಕೈಲಾಗಲ್ಲ," ಎಂದಳು. "ಆದ್ರೆ ಖಾಲಾ ನೀರು ಕುಡಿದ್ಬಿಟ್ರು. ನಾನು ಹೇಳಿದ್ರೆ ಯಾರೂ ಕೇಳಲ್ಲ."

ಮುನಾವರ್ ಬಾಗಿಲಲ್ಲೇ ನಿಂತಿದ್ದ. ಅವನ ಉಸಿರಿಗೆ ಫೋನಿನಲ್ಲಿನ ಚಿತ್ರ ಒಮ್ಮೆ ಮಂಜಾಗಿ ತಿಳಿಯಾಯಿತು.

"ಬೇಡ ಅಂತ ನಾನೇ ಹೇಳ್ತೀನಿ. ನಾಳೆ ಅಮ್ಮಿ ಕೈಲಿ ಫೋನ್ ಮಾಡಿಸ್ತೀನಿ. ತಪ್ಪು ನಿಮ್ಮ ಮೇಲೆ ಬರಲ್ಲ."

"ನಿಮ್ ಮೇಲೆ ಬರುತ್ತಲ್ಲ. ಎಲ್ಲಾ ಬಯ್ತಾರೆ."

"ಬಯ್ಯೋಕೆ ಇಲ್ಲೀವರೆಗೂ ಯಾರು ಬರ್ತಾರೆ?"

ಗುಲ್ಷನ್‌ಳ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಂದಿತ್ತು.

"ಕಟ್ ಮಾಡ್ಬೇಡಿ," ಎಂದ ಅವನು. "ಒಂದೈದು ನಿಮಿಷ ಹಾಗೇ ಇರ್ಲಿ."

ಅವಳು ಕ್ಯಾಮೆರಾ ತಿರುಗಿಸಿ ಫೋನನ್ನು ಗಲ್ಲಿಯ ಕಡೆ ಹಿಡಿದಳು. ಕಬಾಬಿನ ಹೊಗೆಯಲ್ಲಿ ಆಟೊವೊಂದು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಕೈ ಸೋತಾಗ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.