ಅಳದ ಕೂಸು

ಕೆಂಕೆರೆಯ ಆ ಮನೆಯಲ್ಲಿ ಬೆಳಗಾದರೆ ನೀರೊಲೆಗೆ ಕರಟ ಬೀಳಬೇಕು. ಸೊಸೆ ಮಂಗಳಾ ಬಾಣಂತಿ. ಅತ್ತೆ ರಾಮಕ್ಕ ಕಾಲು ಚಾಚಿ ಕೂತು, ಎಳೆ ಮೊಮ್ಮಗನಿಗೆ ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ಯುತ್ತಿದ್ದರು. ಕೂಸು ಕಣ್ಣೂ ಬಿಡಲಿಲ್ಲ.

"ಎಂಥ ಸಾಧು ಕೂಸು ನೋಡೇ! ಥೇಟ್ ನಮ್ ಗಾನವಿ ತರಾನೇ."

ಮಂಗಳಾ ಗೋಡೆಗೊರಗಿ ಕೂತಿದ್ದ ಮಗಳತ್ತ ನೋಡಿದಳು. ಮೊದಲ ಮಗಳು ಗಾನವಿಯೂ ಹೀಗೇ ಅಳದೆ ನಿದ್ದೆಯಲ್ಲೇ ಬೆಳೆದವಳು. ನಾಲ್ಕು ತುಂಬಿದರೂ ಗೋಡೆ ಹಿಡಿದೇ ನಡೆಯಬೇಕು. ಮಾತಿಲ್ಲ, ಕರೆದರೆ ನಗುತ್ತಾಳೆ. ಗ್ರಹಚಾರವೆಂದು ತಾಯಿತ ಕಟ್ಟಿಸಿ ಕೈತೊಳೆದುಕೊಂಡಿದ್ದರು.

ಅಂದು ನರ್ಸ್ ಮಧುಶ್ರೀ ಮತ್ತೆ ಬಂದರು. "ಗಾನವೀನ ನೋಡಿದ್ಮೇಲೂ ಸುಮ್ನಿರ್ತೀರಾ? ಗಂಟಲಲ್ಲಿರೋ ಥೈರಾಯ್ಡ್ ಗ್ರಂಥಿ ಕೆಲಸ ಮಾಡ್ದಿದ್ರೆ ಕೂಸಿನ ಮಿದುಳು ಬೆಳೆಯಲ್ಲ ರಾಮಕ್ಕ. ರಕ್ತ ಪರೀಕ್ಷೆ ಮಾಡಿಸಿ. ತೊಂದ್ರೆ ಇದ್ರೆ ದಿನಾ ಒಂದು ಸಣ್ಣ ಮಾತ್ರೆ, ಅಷ್ಟೇ."

"ಹಸಿಗೂಸಿನ ರಕ್ತ ತೆಗೀತಾರೇನವ್ವ? ತಿಂಗ್ಳು ತುಂಬದೆ ನಾವು ಹೊಸಲು ದಾಟ್ಸಲ್ಲ. ಗಾಳಿ ಗೀಳಿ ಸೋಕುದ್ರೆ? ಆಮೇಲ್ ನೋಡಾನ ಬುಡು."

ಅಯ್ಯೋ, ಎಂಥ ಹಟವಪ್ಪ! ಮುದುಕಿಗೆ ಕೂಸೆಂದರೆ ಪ್ರಾಣ. ಆ ಪ್ರೀತಿಯೇ ಕೂಸಿನ ಬುದ್ಧಿಗೆ ಬೀಗ ಹಾಕುತ್ತಿತ್ತು.

ಮಂಗಳಾ ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಎದ್ದಳು. ರಾಮಕ್ಕ ಬಾಗಿಲಿಗೆ ಅಡ್ಡ ನಿಂತರು.

"ಅತ್ತೆ, ಗಾನವಿ ಬಾಯಲ್ಲಿ ಒಂದೇ ಒಂದ್ಸಲ 'ಅಜ್ಜಿ' ಅನ್ನಿಸಿ. ಅಂದ್ಲು ಅಂದ್ರೆ ನಾನು ಹೋಗಲ್ಲ."

ರಾಮಕ್ಕ ತಿರುಗಿ ನೋಡಿದರು. ಗಾನವಿ ನಕ್ಕಳು. ರಾಮಕ್ಕ ಬಾಯಿಗೆ ಸೆರಗೊತ್ತಿಕೊಂಡು ಪಕ್ಕಕ್ಕೆ ಸರಿದರು.

ಹುಳಿಯಾರಿನ ಲ್ಯಾಬಿನಲ್ಲಿ ಕೂಸು, ಜೊತೆಗೆ ಕರೆದೊಯ್ದಿದ್ದ ಗಾನವಿ, ಇಬ್ಬರ ರಕ್ತವನ್ನೂ ನೋಡಿದರು. ಇಬ್ಬರಿಗೂ ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆ. "ಕೂಸನ್ನ ಬೇಗ ತಂದ್ರಿ, ಸರಿಹೋಗುತ್ತೆ. ದೊಡ್ಡವಳಿಗೂ ಮಾತ್ರೆ ಕೊಡಿ, ಮೈ ಚುರುಕಾಗುತ್ತೆ. ಬುದ್ಧಿಗೆ ಆದ ನಷ್ಟ ಪೂರ್ತಿ ತುಂಬಲ್ಲ," ಎಂದರು ಡಾಕ್ಟರು.

ಈಗ ಮಾತ್ರೆ ಪುಡಿಮಾಡಿ ಎದೆಹಾಲಲ್ಲಿ ಕದಡಿ ಕುಡಿಸುವುದು ರಾಮಕ್ಕನೇ. ನೀರು ಹುಯ್ದರೆ ಹುಡುಗ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಾನೆ.

"ಅಳ್ಲಾ ನನ್ನಪ್ಪ, ಗಟ್ಟಿಯಾಗಿ ಅಳು!"

ಮೊನ್ನೆ ಪಕ್ಕದ ಮನೆಯ ಹೊಂಬಾಳಮ್ಮ ಬಂದು, "ನಿಮ್ದೇನಕ್ಕ ಇಷ್ಟು ಗಲಾಟೆ! ನನ್ ಮಗಳ ಕೂಸು ಹುಟ್ಟಿ ವಾರ ಆಯ್ತು, ಅಳೋದೇ ಇಲ್ಲ ಕಣಕ್ಕ," ಎಂದಳು.

ರಾಮಕ್ಕನ ಕೈಯ ಚೊಂಬು ಅಲ್ಲೇ ನಿಂತಿತು. ಗೋಡೆ ಹಿಡಿದು ನಿಂತಿದ್ದ ಗಾನವಿ ನಗುತ್ತಿದ್ದಳು.

"ಏಳೇ ಹೊಂಬಾಳಿ," ಎಂದರು ರಾಮಕ್ಕ. "ಕೂಸು ಎತ್ಕೊಂಡ್ ಬಾ, ಹುಳಿಯಾರಿಗೆ ಹೋಗಾನ. ಹೊಸಲು ಗಿಸಲು ಅಂದ್ರೆ ಇವಳ ಮುಖ ನೋಡು."